15 ಗಂಟೆಯ ವಿಮಾನ: ಯಾವ ಕ್ಲಾಸ್, ಯಾವ ಸೀಟು?

ನೀವು ಕೇಳಿದ್ದು ಇಷ್ಟು: ಮೊದಲ ಸಲ 15 ಗಂಟೆಯ ವಿಮಾನ ಹತ್ತುತ್ತಿದ್ದೀರಿ. ಎತ್ತರ ಆರಡಿ, ಸೊಂಟ ಆಗಾಗ ಹಿಡಿದುಕೊಳ್ಳುತ್ತದೆ. ಎಕಾನಮಿಯಲ್ಲೇ ಹೋಗಿ ಬರಬಹುದಾ, ಪ್ರೀಮಿಯಂ ಎಕಾನಮಿ ತಗೊಳ್ಳಬೇಕಾ, ಇಲ್ಲ ಕಷ್ಟಪಟ್ಟಾದರೂ ಬಿಸಿನೆಸ್ ಕ್ಲಾಸಿಗೇ ಹೋಗಬೇಕಾ?

ನಾನು ಕೆಲಸದ ಮೇಲೆ 12 ವರ್ಷಗಳಿಂದ ಇಂಥ ಪ್ರಯಾಣ ಮಾಡುತ್ತಿದ್ದೇನೆ. ಮೂರೂ ಕಡೆ ಕೂತಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಕ್ಲಾಸ್ ತಗೊಳ್ಳಲೇಬೇಕು ಅಂತ ಏನಿಲ್ಲ. ಯಾವ ವಿಮಾನದಲ್ಲಿ ನೀವು ರಾತ್ರಿ ನಿದ್ದೆ ಮಾಡಬೇಕೋ, ಇಳಿದ ಕೂಡಲೇ ಎಲ್ಲಿ ಕೆಲಸ ಕಾದಿದೆಯೋ, ಆ ಒಂದಕ್ಕೆ ದುಡ್ಡು ಹಾಕಿ. ಇನ್ನೊಂದಕ್ಕೆ ಎಕಾನಮಿಯಲ್ಲೇ ಒಳ್ಳೆಯ ಸೀಟು ಹುಡುಕಿ.

ಬಿಸಿನೆಸ್ ಕ್ಲಾಸಿನಲ್ಲಿ ಕೊಟ್ಟ ದುಡ್ಡಿಗೆ ನಿಜವಾಗಿ ಸಿಗುವುದು ಒಂದೇ, ಮಲಗುವ ಜಾಗ. ಊಟ, ಲೌಂಜ್, ಎಲ್ಲರಿಗಿಂತ ಮೊದಲು ಹತ್ತುವುದು, ಎಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಮಾರನೇ ದಿನಕ್ಕೆ ಅದ್ಯಾವುದೂ ಮೈಯಲ್ಲಿ ಉಳಿದಿರುವುದಿಲ್ಲ. ಐದು ಗಂಟೆ ಕಾಲು ನೀಡಿ ಮಲಗಿದ್ದು ಮಾತ್ರ ಉಳಿದಿರುತ್ತದೆ. ಈ ಹಾಸಿಗೆ ಅಷ್ಟು ಹಳೆಯದೂ ಅಲ್ಲ. ಬ್ರಿಟಿಷ್ ಏರ್‌ವೇಸ್ ಪೂರ್ತಿ ಸಪಾಟಾಗುವ ಸೀಟನ್ನು ಬಿಸಿನೆಸ್ ಕ್ಲಾಸಿಗೆ ತಂದದ್ದು 2000ದಲ್ಲಿ. ಅದಕ್ಕೂ ಮೊದಲು ಬಿಸಿನೆಸ್ ಅಂದರೆ ಅಗಲವಾದ, ಜಾಸ್ತಿ ಹಿಂದಕ್ಕೆ ವಾಲುವ ಕುರ್ಚಿ ಅಷ್ಟೇ. ಈಗಲೂ ಕೆಲವು ಹಳೆಯ ವಿಮಾನಗಳಲ್ಲಿ ಓರೆಯಾಗಿ ಮಲಗಿಸುವ ಸೀಟು ಸಿಗಬಹುದು. ಸೀಟು ಹಲಗೆಯ ಹಾಗೆ ನೇರವಾಗುತ್ತದೆ, ಆದರೆ ನೆಲಕ್ಕೆ ಸಮನಾಗಿರುವುದಿಲ್ಲ. ರಾತ್ರಿಯೆಲ್ಲ ಕೆಳಗೆ ಜಾರುತ್ತಲೇ ಇರುತ್ತೀರಿ. ಸೊಂಟ ನೋವಿರುವ ನೀವು ಅಂಥದ್ದಕ್ಕೆ ಹಲವು ಪಟ್ಟು ದುಡ್ಡು ಕೊಡಬೇಡಿ.

ಹಾಗಾಗಿ ಬಿಸಿನೆಸ್ ತಗೊಳ್ಳುವ ಮುಂಚೆ ಎರಡು ವಿಷಯ ನೋಡಿ. ಸೀಟು ಪೂರ್ತಿ ಸಪಾಟಾಗುತ್ತದಾ? ಅಡ್ಡಸಾಲು 1-2-1 (ಒಂದು ಕಿಟಕಿ ಕಡೆ ಒಂದು ಸೀಟು, ನಡುವೆ ಎರಡು, ಆಚೆ ಕಿಟಕಿ ಕಡೆ ಒಂದು) ಇದೆಯಾ, 2-2-2 ಇದೆಯಾ? 1-2-1 ಆದರೆ ಎಲ್ಲರಿಗೂ ನೇರ ದಾರಿ ಇರುತ್ತದೆ. 2-2-2 ಆದರೆ ಕಿಟಕಿ ಪಕ್ಕದವರು ಮಲಗಿದವರ ಕಾಲು ದಾಟಿ ಬರಬೇಕು. ನಿಮ್ಮ ಎತ್ತರಕ್ಕೆ ಇನ್ನೊಂದು ಮಾತು. ಹಲವು ಬಿಸಿನೆಸ್ ಸೀಟುಗಳಲ್ಲಿ ಪಾದ ಹೋಗುವುದು ಮುಂದಿನ ಸೀಟಿನ ಅಡಿಯ ಒಂದು ಗೂಡಿನೊಳಗೆ. ಅದು ಇಕ್ಕಟ್ಟಾಗಿದ್ದರೆ ಮಗ್ಗುಲು ಬದಲಿಸುವುದೇ ಕಷ್ಟ. ಮೊದಲ ಸಾಲಿನಲ್ಲಿ ಈ ಗೂಡು ಸಾಮಾನ್ಯವಾಗಿ ದೊಡ್ಡದಿರುತ್ತದೆ.

ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋದಾಗ ನಾನು ಮಾಡಿದ್ದು ಇದನ್ನೇ. ಅವರಿಗೆ ಆಗ 68, ಮೊಣಕಾಲು ನೋವು. ರಾತ್ರಿ ಹೊರಡುವ 14 ಗಂಟೆಯ ವಿಮಾನದಲ್ಲಿ ಅವರಿಗೆ ಮಾತ್ರ ಬಿಸಿನೆಸ್ ತಗೊಂಡೆ, ನಾನು ಹಿಂದೆ ಕೂತೆ. "ನಿನ್ನನ್ನು ಹಿಂದೆ ಕೂರಿಸಿ ನಾನು ಮುಂದೆ ಮಲಗಲೇನೋ?" ಅಂತ ಕೋಪ ಮಾಡಿಕೊಂಡರು. ಬೆಳಗ್ಗೆ ಇಳಿದಾಗ ಕೈಚೀಲ ತಾವೇ ಹಿಡಿದುಕೊಂಡು ನಡೆದು ಬಂದರು. ವಾಪಸ್ ಬರುವ ವಿಮಾನ ಹಗಲಿನದು. ಇಬ್ಬರೂ ಎಕಾನಮಿಯಲ್ಲಿ ಅಕ್ಕಪಕ್ಕ ಕೂತೆವು. ಅವರು ಗಂಟೆಗೊಮ್ಮೆ ಎದ್ದು ಓಡಾಡಿದರು. ಬಂದದ್ದೇ ಚೆನ್ನಾಗಿತ್ತು ಅಂತ ಇವತ್ತಿಗೂ ಹೇಳುತ್ತಾರೆ, ಮಾತಿಗೆ ಪಕ್ಕದಲ್ಲಿ ಮಗ ಇದ್ದನಲ್ಲ.

ಇನ್ನು ಪ್ರೀಮಿಯಂ ಎಕಾನಮಿ. ತೈವಾನಿನ ಇವಾ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಗಳು 1990ರ ದಶಕದ ಆರಂಭದಲ್ಲಿ ಇದನ್ನು ಶುರು ಮಾಡಿದವು. ಇದು ಹಾಸಿಗೆಯಲ್ಲ, ಒಳ್ಳೆಯ ಕುರ್ಚಿ. ಮುಂದಿನ ಸೀಟಿಗೂ ನಿಮ್ಮದಕ್ಕೂ ಅಂತರ ಸಾಮಾನ್ಯವಾಗಿ 38 ಇಂಚು. ಎಕಾನಮಿಯಲ್ಲಿ ಅದು 30ರಿಂದ 32. ಅಗಲವೂ ಒಂದೆರಡು ಇಂಚು ಜಾಸ್ತಿ. ಮುಂದಿನವರು ಸೀಟು ಹಿಂದಕ್ಕೆ ವಾಲಿಸಿದರೂ ನಿಮ್ಮ ಮಂಡಿಗೆ ತಾಗುವುದಿಲ್ಲ. ಆರಡಿ ಎತ್ತರದವರಿಗೆ ಇದು ದೊಡ್ಡ ನೆಮ್ಮದಿ. ಹಗಲಿನ ವಿಮಾನಕ್ಕೆ ಇದು ಸರಿಯಾದ ಆಯ್ಕೆ. ಆದರೆ ಕೂತೇ ನಿದ್ದೆ ಮಾಡುವ ಅಭ್ಯಾಸ ಇಲ್ಲದವರು ಇಲ್ಲಿಯೂ ನಿದ್ದೆ ಮಾಡಲ್ಲ. ಇದೇ ಕಾರಣಕ್ಕೆ ರಾತ್ರಿ ವಿಮಾನಕ್ಕೆ ನಾನು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಬುಕ್ ಮಾಡುವಾಗ ಹೆಸರು ನೋಡಿ ಮೋಸ ಹೋಗಬೇಡಿ. "ಪ್ಲಸ್", "ಎಕ್ಸ್‌ಟ್ರಾ" ಅಂತ ಇರುವುದು ಬಹಳ ಸಲ ಅದೇ ಎಕಾನಮಿ ಸೀಟು, ಮಂಡಿಗೆ ಮೂರ್ನಾಲ್ಕು ಇಂಚು ಜಾಗ ಸೇರಿಸಿರುತ್ತಾರೆ. ಅದೂ ಕೆಟ್ಟದ್ದಲ್ಲ, ಆದರೆ ಬೇರೆ ಕ್ಲಾಸ್ ಅಲ್ಲ.

ಎಷ್ಟು ಗಂಟೆಯವರೆಗೆ ಎಕಾನಮಿಯಲ್ಲಿ ಸಹಿಸಬಹುದು? ಸಿಂಗಾಪುರ್ ಏರ್‌ಲೈನ್ಸ್ ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಎಲ್ಲೂ ನಿಲ್ಲದೆ ಹಾರುತ್ತದೆ. ಸುಮಾರು 15,300 ಕಿಲೋಮೀಟರ್, 18 ಗಂಟೆಗೂ ಜಾಸ್ತಿ. ಅದಕ್ಕೆ ಬಳಸುವ, ಅತಿ ದೂರ ಹಾರಲೆಂದೇ ಮಾಡಿದ ಎ350-900 ಯುಎಲ್‌ಆರ್ ವಿಮಾನದಲ್ಲಿ ಎಕಾನಮಿಯೇ ಇಲ್ಲ. 67 ಬಿಸಿನೆಸ್ ಸೀಟು, 94 ಪ್ರೀಮಿಯಂ ಎಕಾನಮಿ ಸೀಟು, ಅಷ್ಟೇ. ಆದರೆ 2018ರಲ್ಲಿ ಶುರುವಾದ ಕ್ವಾಂಟಾಸ್‌ನ ಪರ್ತ್–ಲಂಡನ್ ವಿಮಾನ ಸುಮಾರು 17 ಗಂಟೆಯದು. ಅದರಲ್ಲಿ ಎಕಾನಮಿ ಇದೆ, ಜನ ಕೂತು ಹೋಗುತ್ತಲೇ ಇದ್ದಾರೆ. ನೀವೂ ಹೋಗಬಹುದು. ಸೀಟು ಸರಿಯಾಗಿ ಆರಿಸಬೇಕು, ಅಷ್ಟೇ.

ಇಲ್ಲಿ ಮೊದಲು ನೋಡಬೇಕಾದ್ದು ವಿಮಾನದ ಮಾದರಿ. ಬೋಯಿಂಗ್ 777ರಲ್ಲಿ ಹಿಂದೆ ಅಡ್ಡಸಾಲಿಗೆ ಒಂಬತ್ತು ಸೀಟು ಇರುತ್ತಿತ್ತು. ಈಗ ಹೆಚ್ಚಿನವರು ಹತ್ತು ಹಾಕಿದ್ದಾರೆ, ಸೀಟಿನ ಅಗಲ ಸುಮಾರು 17 ಇಂಚಿಗೆ ಇಳಿದಿದೆ. 787ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಏರ್‌ಬಸ್ ಎ350ರಲ್ಲಿ ಒಂಬತ್ತು ಸೀಟಿದ್ದರೆ ಸುಮಾರು 18 ಇಂಚು ಸಿಗುತ್ತದೆ. ಎ330ರಲ್ಲಿ ಸಾಮಾನ್ಯವಾಗಿ 2-4-2, ಇಬ್ಬರೇ ಹೋಗುವುದಾದರೆ ಕಿಟಕಿ ಕಡೆಯ ಜೋಡಿ ಸೀಟಿಗಿಂತ ಒಳ್ಳೆಯದಿಲ್ಲ. ಒಂದು ಇಂಚು ಏನು ಮಹಾ ಅನ್ನಿಸಬಹುದು. ಆದರೆ ಪಕ್ಕದವರ ಭುಜ 15 ಗಂಟೆ ನಿಮ್ಮ ಭುಜಕ್ಕೆ ತಾಗಿಕೊಂಡಿರಬೇಕಾ ಬೇಡವಾ ಅನ್ನುವುದು ಆ ಒಂದು ಇಂಚಿನಲ್ಲೇ ಇದೆ.

787, ಎ350ರಲ್ಲಿ ಇನ್ನೊಂದು ಅನುಕೂಲ ಇದೆ. ವಿಮಾನ ಎಷ್ಟೇ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟಕ್ಕೆ ಕಾಯ್ದುಕೊಳ್ಳುತ್ತವೆ. ಬೇರೆ ವಿಮಾನಗಳಲ್ಲಿ ಅದು 8,000 ಅಡಿಯವರೆಗೂ ಹೋಗುತ್ತದೆ. ಇಳಿದ ಮೇಲೆ ನನಗೆ ತಲೆ ಭಾರ ಇರುವುದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ. ಬೆಲೆ ಒಂದೇ ಆಗಿದ್ದರೆ ನಾನು ಕಣ್ಣುಮುಚ್ಚಿ ಎ350 ಆರಿಸುತ್ತೇನೆ.

ಸೀಟಿನ ವಿಷಯದಲ್ಲಿ ನಾನೇ ಒಮ್ಮೆ ಕೆಟ್ಟೆ. ಮುಂದೆ ಗೋಡೆ ಮಾತ್ರ ಇರುವ ಮೊದಲ ಸಾಲು, ಕಾಲಿಗೆ ಬೇಕಾದಷ್ಟು ಜಾಗ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ತಗೊಂಡೆ. ಹೋಗಿ ಕೂತರೆ ಕಾಲು ನೀಡಿದ ಕೂಡಲೇ ಗೋಡೆ ತಾಗುತ್ತದೆ. ಆ ಸಾಲಿನಲ್ಲಿ ಊಟದ ಟ್ರೇ, ಸಿನಿಮಾ ನೋಡುವ ಪರದೆ ಎರಡೂ ಕೈ ಇಡುವ ಜಾಗದೊಳಗೆ ಇರುತ್ತವೆ. ಹಾಗಾಗಿ ಆ ಕೈಹಿಡಿ ಮೇಲೆ ಏಳುವುದಿಲ್ಲ, ಸೀಟೂ ಕಿರಿದಾಗುತ್ತದೆ. ಕಾಲ ಕೆಳಗೆ ಚೀಲ ಇಡುವಂತಿಲ್ಲ. ಕೂಸುಗಳ ತೊಟ್ಟಿಲು ಹಾಕುವುದೂ ಅದೇ ಗೋಡೆಗೆ. ಕೂಸು ಅತ್ತಿದ್ದಕ್ಕೆ ನನಗೆ ಬೇಸರ ಇಲ್ಲ, ಆ ತಾಯಿ ನನಗಿಂತ ಜಾಸ್ತಿ ದಣಿದಿದ್ದರು. ಆದರೆ ಆ ಸಾಲು ಹಾಗಿರುತ್ತದೆ ಅಂತ ದುಡ್ಡು ತಗೊಳ್ಳುವಾಗ ಯಾರೂ ಹೇಳಲಿಲ್ಲ.

ತುರ್ತು ಬಾಗಿಲಿನ ಸಾಲಿನಲ್ಲಿ ನಿಜಕ್ಕೂ ಕಾಲಿಗೆ ಜಾಗ ಇದೆ. ಆದರೆ ಅಪಾಯವಾದರೆ ಆ ಭಾರದ ಬಾಗಿಲು ತೆರೆಯಲು ನಿಮ್ಮ ಕೈಲಾಗಬೇಕು. ಸೊಂಟ ಹಿಡಿದುಕೊಳ್ಳುವ ದಿನಗಳು ನಿಮಗಿವೆ ಅಂದರೆ ದಯವಿಟ್ಟು ಅದು ಬೇಡ, ಕೇಳಿದಾಗ ನಿಜ ಹೇಳಿ. ಕೊನೆಯ ಸಾಲು ಕೂಡ ಬೇಡ. ಅಲ್ಲಿ ಬೆನ್ನು ಹಿಂದಕ್ಕೆ ಪೂರ್ತಿ ವಾಲದೇ ಇರಬಹುದು, ಟಾಯ್ಲೆಟ್ ಸರದಿ ತಲೆಯ ಮೇಲೇ ನಿಂತಿರುತ್ತದೆ, ಬಾಲದ ಕಡೆ ಕುಲುಕಾಟವೂ ಜಾಸ್ತಿ. ರೆಕ್ಕೆಯ ಹತ್ತಿರ ಕುಲುಕಾಟ ಕಡಿಮೆ, ಅದಕ್ಕಿಂತ ಮುಂದೆ ಎಂಜಿನ್ ಸದ್ದು ಕಡಿಮೆ.

ನಿಮಗೆ ನಾನು ಹೇಳುವ ಸೀಟು ಇದು: ನಡುವಿನ ಗುಂಪಿನಲ್ಲಿ ಓಡಾಡುವ ದಾರಿಗೆ ತಾಗಿದ್ದು, ರೆಕ್ಕೆಗಿಂತ ಮುಂದೆ. ಯಾಕೆಂದರೆ 3-3-3 ಸಾಲಿನಲ್ಲಿ ಕಿಟಕಿ ಕಡೆಯ ಗುಂಪಿನ ಅಂಚಿನಲ್ಲಿ ಕೂತರೆ ಒಳಗಿನ ಇಬ್ಬರೂ ನಿಮ್ಮನ್ನೇ ಎಬ್ಬಿಸಬೇಕು. ನಡುವಿನ ಗುಂಪಿನಲ್ಲಾದರೆ ಮಧ್ಯದಲ್ಲಿರುವುದು ಒಬ್ಬರೇ, ಅವರಿಗೆ ಎರಡು ಕಡೆಯಿಂದಲೂ ದಾರಿ ಇದೆ. ನೀವು ಮಾತ್ರ ಬೇಕಾದಾಗ ಏಳಬಹುದು. ಸೊಂಟಕ್ಕೆ ಅದೇ ಮುಖ್ಯ, ಅಲ್ವಾ? ಕೆಲವು ಸೀಟುಗಳ ಕೆಳಗೆ ಪರದೆಗೆ ಬೇಕಾದ ಒಂದು ಪೆಟ್ಟಿಗೆ ಇರುತ್ತದೆ, ಒಂದು ಪಾದದ ಜಾಗ ಅದೇ ತಿಂದುಹಾಕುತ್ತದೆ. ಏರೋಲೋಪಾ ಅನ್ನುವ ತಾಣದಲ್ಲಿ ಒಂದೊಂದು ಸಂಸ್ಥೆಯ ವಿಮಾನದ ನಕ್ಷೆ ಅಳತೆಗೆ ಸರಿಯಾಗಿ ಸಿಗುತ್ತದೆ, ನೋಡಿ ಆರಿಸಿ. ಹೊರಡುವ ಎರಡು ಮೂರು ದಿನ ಮುಂಚೆ ಇನ್ನೊಮ್ಮೆ ನೋಡಿ. ವಿಮಾನ ಬದಲಾದರೆ ನಿಮ್ಮ ಸೀಟೂ ಬದಲಾಗಿರುತ್ತದೆ.

ಈಗ ಮೈ ವಿಷಯ. ಒಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ 10ರಿಂದ 20 ಶೇಕಡಾ ಮಾತ್ರ. ಕಣ್ಣು, ಮೂಗು, ಗಂಟಲು ಒಣಗುವುದು ಅದಕ್ಕೇ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ತೆಗೆದು ಕನ್ನಡಕ ಹಾಕಿಕೊಳ್ಳಿ. ನೀರು ಸ್ವಲ್ಪ ಸ್ವಲ್ಪ, ಆಗಾಗ ಕುಡಿಯಿರಿ. ಒತ್ತಡ ಕಡಿಮೆ ಇರುವುದರಿಂದ ಹೊಟ್ಟೆಯೊಳಗಿನ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಸೊಂಟಕ್ಕೆ ಬಿಗಿಯಾಗುವ ಬಟ್ಟೆ ಹಾಕಬೇಡಿ, ಹೊಟ್ಟೆ ತುಂಬ ತಿನ್ನಬೇಡಿ.

ಕಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಂಟೆಗಟ್ಟಲೆ ಅಲುಗದೆ ಕೂತರೆ ಮೀನಖಂಡದ ಸ್ನಾಯು ರಕ್ತವನ್ನು ಮೇಲೆ ತಳ್ಳುವುದಿಲ್ಲ, ರಕ್ತ ಕಾಲಲ್ಲೇ ನಿಲ್ಲುತ್ತದೆ. ಊತ ಬರುವುದು ಅದರಿಂದ, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದೂ ಅದರಿಂದ. ನಾಲ್ಕು ಗಂಟೆಗಿಂತ ಜಾಸ್ತಿ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆದರೂ ಆರೋಗ್ಯವಂತರಲ್ಲಿ ಅದು 6,000ಕ್ಕೆ ಒಬ್ಬರಷ್ಟೇ, ಹೆದರಬೇಡಿ. ಇದನ್ನು "ಎಕಾನಮಿ ಕ್ಲಾಸ್ ಸಿಂಡ್ರೋಮ್" ಅನ್ನುತ್ತಾರೆ. ಹೆಸರು ತಪ್ಪು. ಬಿಸಿನೆಸ್‌ನಲ್ಲಿ ಕೂತವರಿಗೂ, ಬಸ್ಸು ಕಾರಲ್ಲಿ ಕೂತವರಿಗೂ ಆಗುತ್ತದೆ. ಗಂಟೆಗೊಮ್ಮೆ ಏಳಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಮಂಡಿಯವರೆಗೆ ಬರುವ, ಕಾಲನ್ನು ಬಿಗಿಯಾಗಿ ಹಿಡಿಯುವ ಕಂಪ್ರೆಷನ್ ಸಾಕ್ಸ್ ಹಾಕಿಕೊಳ್ಳಿ. ನನ್ನ ಚೀಲದಲ್ಲಿ ಮರೆಯದೆ ಇರುವುದು ಅದೊಂದೇ. ಹಿಂದೆ ಯಾವತ್ತಾದರೂ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರನ್ನು ಕೇಳಿಯೇ ಹೊರಡಬೇಕು. ಸುಮ್ನೆ ಯಾರೋ ಹೇಳಿದರು ಅಂತ ಆಸ್ಪಿರಿನ್ ನುಂಗಬೇಡಿ. ನಿದ್ದೆ ಮಾತ್ರೆಯೂ ಬೇಡ, ಹತ್ತು ಗಂಟೆ ಅಲುಗಾಡದೆ ಮುದುಡಿ ಮಲಗಿದರೆ ಕಾಲಿಗೂ ಸೊಂಟಕ್ಕೂ ಎರಡಕ್ಕೂ ಕೆಟ್ಟದ್ದು.

ಸೊಂಟಕ್ಕೆ ನಾನು ಮಾಡುವುದು: ಕೊಟ್ಟ ಹೊದಿಕೆಯನ್ನು ಸುರುಳಿ ಸುತ್ತಿ ಬೆನ್ನಿನ ಕೆಳಭಾಗಕ್ಕೆ ಇಡುತ್ತೇನೆ. ಹೊದೆಯಲು ನನ್ನದೇ ಶಾಲು ಒಯ್ಯುತ್ತೇನೆ. ಹಿಂಬದಿ ಜೇಬಿನಿಂದ ಪರ್ಸ್ ತೆಗೆದುಬಿಡಿ. ಸೀಟನ್ನು ಸ್ವಲ್ಪವಾದರೂ ಹಿಂದಕ್ಕೆ ವಾಲಿಸಿ, ನೆಟ್ಟಗೆ ಕೂರುವುದಕ್ಕಿಂತ ಸೊಂಟಕ್ಕೆ ಭಾರ ಕಡಿಮೆ.

ನಿದ್ದೆಗೆ ಒಂದು ಸಣ್ಣ ಉಪಾಯ. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವ ಹಾಗೆ ಹಾಕಿಕೊಳ್ಳಿ. ಕುಲುಕಾಟ ಬಂದಾಗ ಬೆಲ್ಟ್ ಹಾಕಿದ್ದೀರಾ ಅಂತ ನೋಡಲು ನಿಮ್ಮನ್ನು ಎಬ್ಬಿಸುವುದಿಲ್ಲ. ಹತ್ತಿದ ಕೂಡಲೇ ಗಡಿಯಾರವನ್ನು ಇಳಿಯುವ ಊರಿನ ಸಮಯಕ್ಕೆ ತಿರುಗಿಸಿ, ಅಲ್ಲಿ ರಾತ್ರಿಯಾಗಿದ್ದರೆ ಕಣ್ಣುಪಟ್ಟಿ ಹಾಕಿ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹೋದರೆ ಪಶ್ಚಿಮಕ್ಕೆ ಹೋದದ್ದಕ್ಕಿಂತ ಕಷ್ಟ. ಹಾಗಾಗಿ ಒಂದೇ ದಿಕ್ಕಿಗೆ ಬಿಸಿನೆಸ್ ತಗೊಳ್ಳುವಷ್ಟು ದುಡ್ಡಿದ್ದರೆ, ಪೂರ್ವಕ್ಕೆ ಹೋಗುವ ರಾತ್ರಿ ವಿಮಾನಕ್ಕೇ ತಗೊಳ್ಳಿ. ಬುಕ್ ಆದ ಮೇಲೂ ಎಷ್ಟೋ ಸಂಸ್ಥೆಗಳು ಖಾಲಿ ಬಿಸಿನೆಸ್ ಸೀಟಿಗೆ ಬಿಡ್ ಮಾಡಲು, ಅಂದರೆ ಎಷ್ಟು ಕೊಡುತ್ತೀರಿ ಅಂತ ನೀವೇ ಬೆಲೆ ಹೇಳಲು, ಇಮೇಲ್ ಕಳಿಸುತ್ತವೆ. ಆಗ ಕಡಿಮೆಗೆ ಸಿಗುವುದುಂಟು, ಆದರೆ ಅದನ್ನೇ ನಂಬಿ ಕೂರಬೇಡಿ.

ನನಗೆ ಅತಿ ಕಷ್ಟದ ಹೊತ್ತು ಎಂಟನೇ ಗಂಟೆಯಿಂದ ಹನ್ನೊಂದರವರೆಗೆ. ಮೊದಲ ನಿದ್ದೆ ಮುಗಿದಿರುತ್ತದೆ, ಇಳಿಯುವುದು ಇನ್ನೂ ದೂರ. ಆ ಹೊತ್ತಿಗೆ ಅಂತಲೇ ಒಂದು ಪುಸ್ತಕ ಎತ್ತಿಟ್ಟಿರುತ್ತೇನೆ, ಅದಕ್ಕೂ ಮುಂಚೆ ತೆರೆಯುವುದಿಲ್ಲ. ಹಲ್ಲುಜ್ಜಿ, ಮುಖ ತೊಳೆದು, ಹಿಂದಿನ ಬಾಗಿಲ ಹತ್ತಿರ ಹತ್ತು ನಿಮಿಷ ನಿಂತು ಬಂದು ಕೂರುತ್ತೇನೆ. ನಕ್ಷೆಯ ಪರದೆ ಮಾತ್ರ ಹಾಕಬೇಡಿ.

ನಿಮ್ಮ ವಿಮಾನದ ಮಾದರಿ, ಹೊರಡುವ ಸಮಯ, ಯಾವ ದಿಕ್ಕಿಗೆ ಅನ್ನುವುದನ್ನು ಬರೆಯಿರಿ. ಸಾಲಿನ ಸಂಖ್ಯೆ ಸಮೇತ ನೋಡಿ ಹೇಳುತ್ತೇನೆ.