ವಕೀಲರು ತಾರೀಖಿಗೆ ಬರಲಿಲ್ಲವೇ? ಮೊದಲು ಆ ದಿನದ ಆರ್ಡರ್ ಶೀಟ್ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆ ಕೋರ್ಟಿನಲ್ಲಿ ಜಮೀನಿನ ದಾವೆ ಇದೆ, ಹೋದ ತಾರೀಖಿಗೆ ನಿಮ್ಮ ವಕೀಲರು ಹಾಜರಾಗಲಿಲ್ಲ, ಈಗ ಫೋನೂ ಎತ್ತುತ್ತಿಲ್ಲ, ಕೇಸು ಬಿದ್ದುಹೋಯಿತಾ, ಅವರ ಮೇಲೆ ಎಲ್ಲಿ ದೂರು ಕೊಡಬೇಕು ಅಂತ.

ನಾನು ಚಿತ್ರದುರ್ಗದಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತು, ಆದರೂ ಆ ಕಡೆಯವರು ಹಳೇ ಪರಿಚಯ ಹಿಡಿದು ನಮ್ಮ ಆಫೀಸಿಗೆ ಬರುತ್ತಿರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದೇ ದೂರಿನ ವಿಚಾರ. ಆ ದಿನ ಕೋರ್ಟು ಏನು ಬರೆದಿದೆ ಅಂತ ತಿರುಗಿ ಕೇಳಿದರೆ ಉತ್ತರ ಇರಲ್ಲ. ಸಿಟ್ಟು ಬರುವುದು ಸಹಜ, ಆದರೆ ಸ್ವಲ್ಪ ದಿನ ಅದನ್ನು ಪಕ್ಕಕ್ಕಿಡಿ.

ಎಷ್ಟೋ ಸಲ ಏನೂ ಆಗಿರುವುದಿಲ್ಲ, ಸುಮ್ನೆ ಮುಂದಿನ ತಾರೀಖು ಬಿದ್ದಿರುತ್ತದೆ. ಫೋನಿನಲ್ಲಿ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿಕೊಳ್ಳಿ. ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದು ಇಲ್ಲದಿದ್ದರೆ ಓಎಸ್ (ಮೂಲ ದಾವೆ) ನಂಬರು, ಇಸವಿ ಹಾಕಿದರೂ ಸಿಗುತ್ತದೆ. ಹಿಂದಿನ ತಾರೀಖಿನ ಮೇಲೆ ಒತ್ತಿದರೆ ಆ ದಿನ ನಡೆದದ್ದು ಒಂದೆರಡು ಸಾಲಿನಲ್ಲಿ ಕಾಣುತ್ತದೆ. ಜೊತೆಗೆ ಕೋರ್ಟಿಗೆ ಹೋಗಿ ಆರ್ಡರ್ ಶೀಟಿನ (ಪ್ರತಿ ತಾರೀಖಿಗೆ ಕೋರ್ಟು ಬರೆಯುವ ಹಾಳೆ) ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ನೀವೇ ಕಕ್ಷಿದಾರರು, ಅದನ್ನು ಕೇಳಲು ವಕೀಲರೇ ಬೇಕು ಅಂತಿಲ್ಲ. ಕಾಪಿ ಕೈಗೆ ಬರಲಿ ಅಂತ ಮಾತ್ರ ಕಾಯುತ್ತಾ ಕೂರಬೇಡಿ, ಯಾಕೆ ಅಂತ ಹೇಳುತ್ತೇನೆ.

ನೀವು ವಾದಿಯೋ ಪ್ರತಿವಾದಿಯೋ ಬರೆದಿಲ್ಲ. ವಾದಿಯಾಗಿದ್ದು, ಎದುರಿನವರು ಹಾಜರಿದ್ದು, ನಿಮ್ಮ ಕಡೆ ಯಾರೂ ಇಲ್ಲದೆ ದಾವೆ ಡಿಸ್ಮಿಸ್ ಆಗಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಹೂಡಲು ಬರುವುದಿಲ್ಲ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 9, ನಿಯಮ 9ರ ಕೆಳಗೆ ಅದೇ ಕೋರ್ಟಿನಲ್ಲಿ ದಾವೆಯನ್ನು ಮತ್ತೆ ಫೈಲಿಗೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕಬೇಕು. ಡಿಸ್ಮಿಸ್ ಆದ ದಿನದಿಂದ 30 ದಿನ ಗಡುವು. ಎರಡೂ ಕಡೆಯವರು ಗೈರಾಗಿ ಡಿಸ್ಮಿಸ್ ಆಗಿದ್ದರೆ ಕಷ್ಟ ಸ್ವಲ್ಪ ಕಡಿಮೆ, ಹೊಸ ದಾವೆಗೂ ದಾರಿ ಇದೆ, ಕಾಲಮಿತಿ ಮುಗಿದಿರಬಾರದು ಅಷ್ಟೇ.

ಪ್ರತಿವಾದಿಯಾಗಿದ್ದು ನಿಮ್ಮನ್ನು ಎಕ್ಸ್ ಪಾರ್ಟಿ (ಗೈರು) ಅಂತ ಇಟ್ಟಿದ್ದರೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನ, ಆಗುವ ಮೊದಲೇ ಓಡಿ. ಮುಂದಿನ ತಾರೀಖಿಗೆ ಹಾಜರಾಗಿ ಅದೇ ಆದೇಶ 9ರ ನಿಯಮ 7ರ ಕೆಳಗೆ ಅರ್ಜಿ ಕೊಟ್ಟು ಸರಿಯಾದ ಕಾರಣ ತೋರಿಸಿದರೆ ಕೇಳುತ್ತಾರೆ, ಒಂದಿಷ್ಟು ಕಾಸ್ಟ್ (ಖರ್ಚಿನ ಹಣ) ಹಾಕಬಹುದು, ಕಟ್ಟಿಬಿಡಿ. ಡಿಕ್ರಿಯೇ ಆಗಿಹೋಗಿದ್ದರೆ ನಿಯಮ 13. ಅಲ್ಲೂ 30 ದಿನವೇ. ಗಡುವು ದಾಟಿದ್ದರೆ ತಡವನ್ನು ಮನ್ನಿಸಿ ಅಂತ ಇನ್ನೊಂದು ಅರ್ಜಿ ಬೇಕು, ಆಮೇಲೆ ತಡ ಯಾಕಾಯಿತು ಅಂತ ವಿವರಿಸುತ್ತಾ ಕೂರಬೇಕು. ಕಾಯಬೇಡಿ ಅಂದದ್ದು ಅದಕ್ಕೇ.

ಇನ್ನೊಂದು ಇದೆ, ಜನರ ಕಣ್ಣಿಗೆ ಬೀಳುವುದೇ ಇಲ್ಲ. ಎದುರಿನ ಸಾಕ್ಷಿ ಬಂದು ನಿಂತಾಗ ನಿಮ್ಮ ವಕೀಲರು ಇಲ್ಲದಿದ್ದರೆ ಆರ್ಡರ್ ಶೀಟಿನಲ್ಲಿ 'ಕ್ರಾಸ್ ನಿಲ್' ಅಂತ ಬೀಳುತ್ತದೆ. ಅಂದರೆ ಆ ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಕಡೆಯಿಂದ ಒಂದು ಪ್ರಶ್ನೆಯೂ ಇಲ್ಲ. ಕೇಸು ನಡೆಯುತ್ತಲೇ ಇರುತ್ತದೆ, ಮನೆಯಲ್ಲಿ ಎಲ್ಲರೂ ನಿರಾಳ. ತೀರ್ಪು ಬಂದಾಗಲೇ ಗೊತ್ತಾಗುವುದು. ಹಾಗೆ ಬರೆದಿದ್ದರೆ ಸಾಕ್ಷಿಯನ್ನು ಮತ್ತೆ ಕರೆಸಿ ಅಂತ ತಕ್ಷಣ ಐಎ (ಮಧ್ಯಂತರ ಅರ್ಜಿ) ಹಾಕಿಸಿ.

ಈಗ ವಕೀಲರ ವಿಷಯ. ಅರ್ಜಿಗೆ ಜೀವ ಇರುವುದು ಅದರ ಜೊತೆಯ ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್‌ನಲ್ಲಿ. ಯಾಕೆ ಗೈರು ಅನ್ನುವುದಕ್ಕೆ ನಂಬುವಂಥ ಕಾರಣ ಬೇಕು. 'ಡೈರಿಯಲ್ಲಿ ತಾರೀಖು ತಪ್ಪಾಗಿ ಬರೆದುಕೊಂಡಿದ್ದೆ' ಅಂತ ಆ ವಕೀಲರೇ ಅಫಿಡವಿಟ್ ಕೊಟ್ಟರೆ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ. ಜಗಳ ತೆಗೆದರೆ ಅದು ಸಿಗುತ್ತದಾ? ಆದ್ದರಿಂದ ಬೆಳಿಗ್ಗೆ ಕೋರ್ಟು ಶುರುವಾಗುವ ಮೊದಲೇ ಅವರ ಆಫೀಸಿಗೆ ಹೋಗಿ, ಅವರು ಸಿಗದಿದ್ದರೆ ಗುಮಾಸ್ತನನ್ನು ಹಿಡಿಯಿರಿ. ಡೈರಿ ಇರುವುದು ನಮ್ಮಂಥವರ ಕೈಯಲ್ಲೇ. ಒಬ್ಬರೇ ವಕೀಲರಿಗೆ ಒಂದೇ ಹೊತ್ತಿಗೆ ಎರಡು ಹಾಲ್‌ನಲ್ಲಿ ಕೇಸು ಕೂಗಿಸುವುದು ನಮಗೆ ದಿನಾ ಇದ್ದದ್ದೇ. ಬೇರೆ ಕೋರ್ಟಿನಲ್ಲಿದ್ದೆ ಅನ್ನುವುದು ಮುಂದೂಡಲು ಕಾರಣವಾಗದು ಅಂತ ಸಿಪಿಸಿಯಲ್ಲೇ ಬರೆದಿದೆ ಅನ್ನುವುದೂ ನಿಮಗೆ ಗೊತ್ತಿರಲಿ.

ವಕೀಲರ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆ ಆಗಬಾರದು ಅಂತ ಸುಪ್ರೀಂ ಕೋರ್ಟು 1981ರಲ್ಲಿ ರಫೀಕ್ ಮತ್ತು ಮುನ್ಷಿಲಾಲ್ ಕೇಸಿನಲ್ಲಿ ಹೇಳಿದೆ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ 1993ರಲ್ಲಿ ಸಲಿಲ್ ದತ್ತಾ ಕೇಸಿನಲ್ಲಿ ಅದೇ ಕೋರ್ಟು, ಎಲ್ಲ ತಪ್ಪನ್ನೂ ವಕೀಲರ ತಲೆಗೆ ಕಟ್ಟಿ ಕಕ್ಷಿದಾರ ಕೈ ತೊಳೆದುಕೊಳ್ಳಲಾಗದು ಅನ್ನುವ ಧಾಟಿಯಲ್ಲಿ ತೀರ್ಪು ಕೊಟ್ಟಿದೆ. ಎದುರಿನ ವಕೀಲರು ಅದನ್ನೇ ತೆಗೆದು ಓದುತ್ತಾರೆ. ನೀವು ತಾರೀಖು ವಿಚಾರಿಸಿದ ಮೆಸೇಜು, ಫೀಸು ಕಳಿಸಿದ ದಾಖಲೆ, ಎಲ್ಲ ಜೋಪಾನ ಮಾಡಿ. ಕೇಸಿನ ಮೇಲೆ ನಿಮಗೆ ನಿಗಾ ಇತ್ತು ಅಂತ ತೋರಿಸಬೇಕಲ್ವಾ.

ಮುಂದಿನ ಸಲದಿಂದ ನೀವೂ ಹೋಗಿ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಬಸ್ಸು ಹತ್ತಿ ಬಂದು, ಕೋರ್ಟಿನ ಹೊರಗೆ ಟೀ ಕುಡಿಯುತ್ತಾ ನಿಂತವರ ಹೆಸರನ್ನು ದಲಾಯತ (ಕೋರ್ಟಿನ ಜವಾನ) ಬಾಗಿಲಲ್ಲಿ ಮೂರು ಸಲ ಕೂಗಿ ಒಳಗೆ ಹೋಗಿರುತ್ತಾನೆ. ಬಂದರೂ ಗೈರೇ. ಹಾಲ್ ಒಳಗೇ ಕೂತಿರಿ. ಹೆಸರು ಕೂಗಿದಾಗ ವಕೀಲರು ಇಲ್ಲದಿದ್ದರೆ ಎದ್ದು ಮುಂದೆ ಹೋಗಿ, 'ಸ್ವಾಮಿ, ನಾನು ವಾದಿ, ಹಾಜರಿದ್ದೇನೆ, ನಮ್ಮ ವಕೀಲರು ಬರುತ್ತಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಕೂಗಿಸಿ' ಅಂತ ಕನ್ನಡದಲ್ಲೇ ಹೇಳಿ. ಹೆದರಬೇಡಿ, ಯಾರೂ ಬೈಯುವುದಿಲ್ಲ.

ನಿಮ್ಮದು ಸಿವಿಲ್. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಚೆಕ್ ಬೌನ್ಸ್ ಕೇಸಿನಲ್ಲಿ ದೂರುದಾರ ಗೈರಾದರೆ ಆರೋಪಿ ಖುಲಾಸೆಯೇ ಆಗಿಬಿಡಬಹುದು. ಅದನ್ನು ಅದೇ ಮ್ಯಾಜಿಸ್ಟ್ರೇಟರು ಮತ್ತೆ ತೆರೆಯಲಾರರು, ಮೇಲಿನ ಕೋರ್ಟಿಗೇ ಹೋಗಬೇಕು.

ವಕೀಲರು ಏನು ಮಾಡಿದರೂ ಸಿಗುತ್ತಿಲ್ಲ ಅಂದರೆ ಬದಲಾಯಿಸಿ. ಹಳಬರಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಪಡೆದು ಹೊಸಬರಿಗೆ ವಕಾಲತ್ತು (ಕೇಸು ನಡೆಸುವ ಅಧಿಕಾರಪತ್ರ) ಕೊಡುವುದು ರೂಢಿ. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಿ ಹೊಸ ವಕಾಲತ್ತು ಹಾಕಬಹುದು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹೊಸಬರಿಗೆ ಕೊಡಲು ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಸಹಾಯವಾಣಿ 15100. ಕೇಸು ನಿಮ್ಮ ತಾಯಿಯ ಹೆಸರಲ್ಲೋ ಹೆಂಡತಿಯ ಹೆಸರಲ್ಲೋ ಇದ್ದರೆ ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.

ದೂರು ಕೊಡಲೇಬೇಕು ಅಂತಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಬರೆಯಿರಿ. ಎಚ್ಚರಿಕೆಯಿಂದ ಹಿಡಿದು ಸನ್ನದು (ವಕೀಲಿಕೆಯ ಪರವಾನಗಿ) ಕಿತ್ತುಕೊಳ್ಳುವವರೆಗೆ ಅದಕ್ಕೆ ಅಧಿಕಾರ ಇದೆ. ಗ್ರಾಹಕರ ಕೋರ್ಟಿಗೆ ಹೋಗುವುದು ವ್ಯರ್ಥ, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿದೆ. ಪರಿಷತ್ತೂ ನಿಮ್ಮ ದಾವೆಯನ್ನು ಎಬ್ಬಿಸಿ ಕೊಡುವುದಿಲ್ಲ, ಆದ್ದರಿಂದ ಅರ್ಜಿ ಮೊದಲು ಹೋಗಲಿ. ಆ್ಯಪಿನಲ್ಲಿ ಏನು ಕಂಡಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಯಾವ ಅರ್ಜಿ ಅಂತ ಹೇಳುತ್ತೇನೆ.