ಒಂಬತ್ತನೆಯ ಪುಟದ ಎರಡು ಸಾಲು

ಪ್ರಿಯ ಲೇಖಕಿಯವರೇ,

‘ಆಫ್ರಿಕಾದ ಆತ್ಮನಾದ’ ಎಂಬ ನಿಮ್ಮ ಹದಿನಾಲ್ಕು ಪುಟಗಳ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಈ ಮಾತನ್ನು ಪತ್ರದ ಕೊನೆಗೆ ಇಟ್ಟುಕೊಂಡು, ಅಲ್ಲಿಯವರೆಗೆ ಬೆಲ್ಲ ತಿನ್ನಿಸುತ್ತಾ ಕರೆದೊಯ್ಯುವ ಜಾಣತನ ನನಗೆ ಬರುವುದಿಲ್ಲ. ಹಾಗೆಂದು, ನಿಜವಾಗಿ ಬೇಡದ ಬರಹಕ್ಕೆ ಇಷ್ಟುದ್ದದ ಪತ್ರ ಬರೆಯುವ ಪುರುಸೊತ್ತೂ ನನಗಿಲ್ಲ.

ನೀವು ಅಮೆರಿಕದ ನಗರವೊಂದರಲ್ಲಿದ್ದೀರಿ. ಮೂರು ವರ್ಷಗಳಿಂದ ಪ್ರತಿ ಶನಿವಾರ ಅಲ್ಲಿನ ಸಮುದಾಯ ಭವನದಲ್ಲಿ, ಪಶ್ಚಿಮ ಆಫ್ರಿಕಾದ ಗಿನಿ ದೇಶದಿಂದ ಬಂದ ಗುರುವೊಬ್ಬರ ಬಳಿ ಜೆಂಬೆ ಎಂಬ ಚರ್ಮವಾದ್ಯ ಬಾರಿಸುವುದನ್ನೂ ಅದರ ಕುಣಿತವನ್ನೂ ಕಲಿಯುತ್ತಿದ್ದೀರಿ. ಕಳೆದ ಡಿಸೆಂಬರಿನಲ್ಲಿ ಕಪ್ಪು ಅಮೆರಿಕನ್ನರ ಕ್ವಾಂಜಾ ಹಬ್ಬದ ಸಂಜೆ ತಂಡದ ಜೊತೆ ವೇದಿಕೆ ಹತ್ತಿ ‘ಕುಕು’ ಕುಣಿದಿರಿ. ನಮ್ಮ ಅಂಚೆಗೆ ಇಂಥ ವಿಷಯ ಬಂದದ್ದು ಇದೇ ಮೊದಲು. ಶೀರ್ಷಿಕೆ ನೋಡಿ ಮುಖ ಸಿಂಡರಿಸಿದರೂ ಲಕೋಟೆಯನ್ನು ಬದಿಗಿಡದೆ ಓದಲು ಕುಳಿತದ್ದು ಅದಕ್ಕೇ.

ಆದರೆ ನಿಮ್ಮ ಜೆಂಬೆಗೆ ಮೊದಲ ಪೆಟ್ಟು ಬೀಳುವುದು ಐದನೆಯ ಪುಟದಲ್ಲಿ. ಅಲ್ಲಿಯವರೆಗೆ ಸೂರ್ಯ ಮುಳುಗುತ್ತಾನೆ, ಸಿಂಹ ಗರ್ಜಿಸುತ್ತದೆ, ‘ಕತ್ತಲ ಖಂಡದ ಒಡಲಿನಿಂದ ಆದಿಮ ಲಯ’ ಏಳುತ್ತದೆ. ಈ ಸಿಂಹವನ್ನು ನೀವು ಎಲ್ಲಿ ನೋಡಿದಿರಿ? ನಿಮ್ಮ ಸಮುದಾಯ ಭವನದ ಹಿಂದೆ ಇರುವುದು ಕಾರು ನಿಲ್ಲಿಸುವ ಜಾಗ ಎಂದು ಹನ್ನೊಂದನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಆಫ್ರಿಕಾದಲ್ಲಿ 54 ದೇಶಗಳಿವೆ. ಯಾರಾದರೂ ಯಕ್ಷಗಾನದ ಚಂಡೆಯನ್ನು ‘ಏಷ್ಯಾದ ಡ್ರಮ್’ ಎಂದು ಬರೆದರೆ ನೀವು ಮುಂದಿನ ಸಾಲು ಓದುತ್ತೀರಾ? ನೀವು ಬಾರಿಸುವ ವಾದ್ಯಕ್ಕೆ ಹೆಸರಿದೆ, ಊರಿದೆ, ಅದನ್ನು ಕಡೆಯುವ ಕುಲವಿದೆ. ಗಿನಿ ಮತ್ತು ಮಾಲಿ ದೇಶಗಳ ಮಲಿಂಕೆ ಜನರ ನಡುವೆ ಮರ ಕೊರೆದು ಜೆಂಬೆ ಮಾಡುವ ಕೆಲಸ ಪರಂಪರೆಯಿಂದ ‘ನೂಮು’ ಎಂಬ ಕಮ್ಮಾರ ಕುಲದವರದು. ಒಂದೇ ಮರದ ತುಂಡು, ಮೇಲೆ ಆಡಿನ ಚರ್ಮ, ಬಿಗಿಗೆ ಹಗ್ಗ. ಪಕ್ಕದಲ್ಲಿ ನಿಂತು ಕೋಲಿನಿಂದ ಬಾರಿಸುವ ದುನುನ್‌ಗಳು ಮೂರು: ದುಂದುನ್ಬಾ, ಸಂಗ್ಬಾನ್, ಕೆಂಕೆನಿ. ಇವನ್ನು ನೀವು ‘ಇತರ ಪಕ್ಕವಾದ್ಯಗಳು’ ಎಂದು ಎರಡೇ ಪದಗಳಲ್ಲಿ ದಾಟಿಸಿದ್ದೀರಿ. ಮೂರು ವರ್ಷ ಅವುಗಳ ಸದ್ದಿನ ಮೇಲೆಯೇ ಹೆಜ್ಜೆ ಇಟ್ಟವರು ನೀವು!

ಮೊದಲ ನಾಲ್ಕು ಪುಟಗಳನ್ನು ಹರಿದುಹಾಕಿ. ಇದು ಸಲಹೆಯಲ್ಲ, ಷರತ್ತು.

ಇನ್ನು ಒಂಬತ್ತನೆಯ ಪುಟಕ್ಕೆ ಬರೋಣ. ಹಬ್ಬದ ದಿನ ಮಧ್ಯಾಹ್ನದಿಂದ ಮಳೆ. ತೇವಕ್ಕೆ ಚರ್ಮ ಸಡಿಲವಾಗಿ ಜೆಂಬೆಯ ದನಿ ಇಳಿದಿದೆ. ಗುರುಗಳು ವೇದಿಕೆಯ ಹಿಂದೆ ನೆಲದ ಮೇಲೆ ಕುಳಿತು, ಜೆಂಬೆಯನ್ನು ಅಡ್ಡ ಮಲಗಿಸಿ ಪಾದದಿಂದ ಒತ್ತಿಹಿಡಿದು, ನಿಂತ ಹಗ್ಗಗಳ ಸಂದಿನಲ್ಲಿ ಉಳಿದ ಹಗ್ಗವನ್ನು ತೂರಿಸುತ್ತಾರೆ. ಎರಡರ ಅಡಿಯಿಂದ ಮುಂದಕ್ಕೆ, ಒಂದರ ಮೇಲಿಂದ ಹಿಂದಕ್ಕೆ, ಆಮೇಲೆ ಕೋಲಿಗೆ ಸುತ್ತಿ ಮೈಭಾರವೆಲ್ಲ ಹಾಕಿ ಎಳೆತ. ನಿಂತ ಹಗ್ಗಗಳೆರಡು ಒಂದನ್ನೊಂದು ದಾಟಿ ಕೂರುತ್ತವೆ. ಅಂಚಿಗೆ ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಯಿಟ್ಟು ಕೇಳಿ, ಸಾಲದು ಎಂದು ತಲೆಯಾಡಿಸಿ ಮತ್ತೊಂದು ಗಂಟು. ಅಂಚಿನಲ್ಲಿ ಬೋಳಿಸದೆ ಉಳಿದ ಆಡಿನ ಕೂದಲು ಅವರ ಕಪ್ಪು ಅಂಗಿಗೆ ಮೆತ್ತಿಕೊಂಡದ್ದನ್ನೂ ನೀವು ನೋಡಿದ್ದೀರಿ. ಈ ಪ್ಯಾರಾ ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. (ಹುಡುಗನಾಗಿದ್ದಾಗ ಎರಡು ವರ್ಷ ಮದ್ದಳೆ ಕಲಿಯಲು ಹೋಗಿ ಗುರುಗಳ ತಾಳ್ಮೆಯನ್ನು ಪರೀಕ್ಷಿಸಿದವನು ನಾನು. ಬಾರು ಬಿಗಿಯುವಾಗಿನ ಆ ಮೌನ ನನಗೆ ಗೊತ್ತು.) ಇಲ್ಲಿ ಒಂದೂ ವಿಶೇಷಣವಿಲ್ಲ, ಗಮನಿಸಿದಿರಾ? ‘ಮಾಂತ್ರಿಕ’ ಇಲ್ಲ, ‘ಅಲೌಕಿಕ’ ಇಲ್ಲ. ನಿಮ್ಮ ಬರಹ ಶುರುವಾಗಬೇಕಾದ್ದು ಇಲ್ಲಿಂದ.

ಅದೇ ಪುಟದ ಕೊನೆಗೆ ಎರಡು ಸಾಲುಗಳಿವೆ. ‘ನಡುವೆ ಒಮ್ಮೆ ನಾನು ತಪ್ಪಿದೆ. ಪಕ್ಕದ ಅಜ್ಜಿ ಬೆನ್ನ ಮೇಲೆ ಕೈಯಿಟ್ಟು ತಿರುಗಿಸಿದರು.’ ಅಷ್ಟು ಬರೆದು ಮುಂದಿನ ಸಾಲಿನಲ್ಲಿ ‘ಜನ ಹುಚ್ಚೆದ್ದು ಕುಣಿದರು’ ಎಂದು ಹೊರಟುಬಿಟ್ಟಿದ್ದೀರಿ. ಅಯ್ಯೋ, ನಿಲ್ಲಿ! ಇಡೀ ಪ್ರಬಂಧವೇ ಆ ಎರಡು ಸಾಲುಗಳಲ್ಲಿದೆ.

ಏನು ತಪ್ಪಿದಿರಿ? ಊಹಿಸುತ್ತೇನೆ. ಮುಖ್ಯ ಜೆಂಬೆಯವರು ಕೊಡುವ ‘ಬ್ರೇಕ್’ ನಿಮಗೆ ಕೇಳಿಸಲಿಲ್ಲ, ಅಥವಾ ಕೇಳುವ ಮೊದಲೇ ಹೊರಳಿದಿರಿ. ಕುಣಿಯುವವರಿಗೆ ಅದು ಅಪ್ಪಣೆ. ಹರಿಯುತ್ತಿರುವ ಲಯವನ್ನು ಕತ್ತರಿಸಿ ಬರುವ ಆ ಒಂದು ಗತ್ತು ಈ ಹೆಜ್ಜೆ ಸಾಕು, ಮುಂದಿನದಕ್ಕೆ ಹೊರಳಿ ಎನ್ನುತ್ತದೆ. ಶುರುವಿಗೂ ಅದೇ, ನಿಲುಗಡೆಗೂ ಅದೇ. ಯಕ್ಷಗಾನ ನೋಡಿ ಬೆಳೆದ ಓದುಗನಿಗೆ ಬಿಡ್ತಿಗೆ, ಮುಕ್ತಾಯ ಎಂದರೆ ಸಾಕು, ಅರ್ಧ ಅರ್ಥವಾಗುತ್ತದೆ. ಇಪ್ಪತ್ತು ಜನ ಒಂದೇ ಪೆಟ್ಟಿಗೆ ನಿಲ್ಲುವ ಕುಣಿತವನ್ನು ‘ಹುಚ್ಚೆದ್ದು’ ಎಂದು ಬರೆಯಬೇಡಿ. ಹುಚ್ಚೆದ್ದವರು ಲೆಕ್ಕ ಇಡುವುದಿಲ್ಲ. ತಪ್ಪಿದವರು ಇಡುತ್ತಾರೆ. ನಿಮ್ಮ ತಲೆಯಲ್ಲಿ ಆ ಕ್ಷಣ ಯಾವ ಎಣಿಕೆ ಓಡುತ್ತಿತ್ತು? ಕಾಲು ಯಾವ ಕಡೆ ಹೋಯಿತು? ಅಜ್ಜಿಯ ಕೈ ತಳ್ಳಿತೋ, ಸುಮ್ಮನೆ ಇತ್ತೋ? ಅವರು ನಕ್ಕರೇ?

ಸದ್ದಿನ ಬಗ್ಗೆಯೂ ಒಂದು ಮಾತು. ಹದಿನಾಲ್ಕು ಪುಟಗಳಲ್ಲಿ ‘ಢಂ ಢಂ’ ಹನ್ನೊಂದು ಬಾರಿ ಬಂದಿದೆ. ಜೆಂಬೆಯಲ್ಲಿ ಮುಖ್ಯ ಪೆಟ್ಟುಗಳೇ ಮೂರು: ಅಂಗೈ ನಡುವಿಗೆ ಬಿದ್ದಾಗಿನ ಆಳದ ದನಿ, ಬೆರಳು ಜೋಡಿಸಿ ಅಂಚಿಗೆ ಹೊಡೆದಾಗಿನ ದುಂಡನೆಯ ದನಿ, ಬೆರಳು ಸಡಿಲಿಸಿ ಬೀಸಿದಾಗ ಸಿಡಿಯುವ ಚುರುಕು ದನಿ. ನೈಜೀರಿಯಾದಿಂದ ಅಮೆರಿಕಕ್ಕೆ ಹೋಗಿ ಅಲ್ಲಿ ಸಾವಿರಾರು ಜನರಿಗೆ ಕೈಚರ್ಮ ಗಟ್ಟಿ ಮಾಡಿಸಿದ ಡ್ರಮ್ ವಾದಕ ಬಾಬಾತುಂಡೆ ಒಲಾತುಂಜಿ ಇವನ್ನು ಬಾಯಲ್ಲೇ ಹೇಳಿಸುತ್ತಿದ್ದರು: ಗುನ್, ಗೋ, ಪಾ. ಎಡಗೈಗೆ ದುನ್, ದೋ, ತಾ. ತಕಿಟ ತಕಧಿಮಿ ಕೇಳಿ ಬೆಳೆದ ನಿಮಗೆ ಇದು ತವರಿನ ಮಾತಿನಂತೆ ಕೇಳಿಸಬೇಕಿತ್ತು. ಕನ್ನಡದ ಲಿಪಿ ಇಂಥದಕ್ಕೆಂದೇ ಹುಟ್ಟಿದಂತಿದೆ, ಬಳಸಿಕೊಳ್ಳಿ. ‘ಢಂ ಢಂ’ ಊರಿನ ಡಂಗುರಕ್ಕಿರಲಿ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸಿದ ವಾಕ್ಯ, ಹದಿಮೂರನೆಯ ಪುಟದ್ದು: ‘ಲಯ ಅವರ ರಕ್ತದಲ್ಲೇ ಇದೆ, ಕಲಿಯಬೇಕಾದ್ದು ನಾವು ಮಾತ್ರ.’ ಆ ಅಜ್ಜಿಯನ್ನೇ ಕೇಳಿ ನೋಡಿ. ಅವರಿಗೆ ಎಪ್ಪತ್ತು ದಾಟಿದೆ, ನಿವೃತ್ತ ಶಿಕ್ಷಕಿ, ನಿಮಗಿಂತ ಆರು ವರ್ಷ ಮೊದಲು ತರಗತಿ ಸೇರಿದರು ಎಂದು ನೀವೇ ಬರೆದಿದ್ದೀರಿ. ಅಂದರೆ ಅರವತ್ತು ದಾಟಿದ ಮೇಲೆ, ಮಂಡಿನೋವಿನ ಜೊತೆ, ನಿಮ್ಮ ಹಾಗೆಯೇ ಶನಿವಾರ ಶನಿವಾರ ಬಂದು ಕಲಿತವರು. ರಕ್ತದಲ್ಲೇ ಇದ್ದಿದ್ದರೆ ಶುಲ್ಕ ಕಟ್ಟಿ ಯಾಕೆ ಬರುತ್ತಿದ್ದರು?

ಇಷ್ಟು ತಡವಾಗಿ ಕಲಿಯಬೇಕಾದ ಪ್ರಸಂಗ ಯಾಕೆ ಬಂತು ಎನ್ನುವುದರಲ್ಲಿ ಒಂದು ಚರಿತ್ರೆಯಿದೆ. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೋ ನದಿಯ ಬಳಿ ಗುಲಾಮರು ದಂಗೆಯೆದ್ದು, ಡ್ರಮ್ ಬಾರಿಸುತ್ತಾ ಹೊರಟರು. ಮರುವರ್ಷವೇ ಬಂದ ಕಾನೂನು ಅವರಿಗೆ ಡ್ರಮ್, ಕೊಂಬು ಮುಂತಾದ ಗಟ್ಟಿ ಸದ್ದಿನ ವಾದ್ಯಗಳನ್ನು ನಿಷೇಧಿಸಿತು. ದೊರೆಗಳು ಹೆದರಿದ್ದು ಸಂಗೀತಕ್ಕಲ್ಲ, ಸುದ್ದಿ ಮುಟ್ಟಿಸುವ ಸದ್ದಿಗೆ. ನ್ಯೂ ಆರ್ಲಿಯನ್ಸಿನ ಕಾಂಗೋ ಸ್ಕ್ವೇರ್‌ನಂಥ ಕಡೆ ಭಾನುವಾರದ ಕುಣಿತ ಉಳಿಯಿತು. ಬೇರೆಡೆ ಜನ ಚಪ್ಪಾಳೆಗೆ, ಪಾದಕ್ಕೆ, ತೊಡೆಯ ಮೇಲಿನ ತಟ್ಟಿಗೆ ಲಯವನ್ನು ವರ್ಗಾಯಿಸಿಕೊಂಡರು. ಜೆಂಬೆ ಅಮೆರಿಕದ ಆ ಸಮುದಾಯಗಳ ಕೈಗೆ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಪ್ರವಾಸ ಬಂದ ತಂಡಗಳಿಂದ, ಅಲ್ಲೇ ನೆಲೆಸಿದ ಗುರುಗಳಿಂದ. ಕ್ವಾಂಜಾ ಕೂಡ ಪುರಾತನ ಹಬ್ಬವಲ್ಲ. ಲಾಸ್ ಏಂಜಲೀಸ್‌ನ ವಾಟ್ಸ್ ಗಲಭೆಯ ಮರುವರ್ಷ, 1966ರಲ್ಲಿ, ಮೌಲಾನಾ ಕರೆಂಗಾ ಅದನ್ನು ಆರಂಭಿಸಿದರು. ಡಿಸೆಂಬರ್ 26ರಿಂದ ಜನವರಿ 1ರವರೆಗೆ ಏಳು ದಿನ. ಹೆಸರು ಸ್ವಾಹಿಲಿ ಭಾಷೆಯದು, ‘ಮೊದಲ ಫಸಲು’ ಎಂಬ ಮಾತಿನಿಂದ ಬಂದದ್ದು. ಈ ಕಲಬೆರಕೆಯನ್ನು ನೋಡಿ: ಹಬ್ಬದ ಮಾತು ಪೂರ್ವ ಆಫ್ರಿಕಾದ್ದು, ಡ್ರಮ್ ಪಶ್ಚಿಮದ್ದು, ಆಚರಿಸುವವರು ಅಮೆರಿಕನ್ನರು, ಕುಣಿಯುವವರಲ್ಲಿ ಒಬ್ಬರು ಕನ್ನಡತಿ. ನೀವು ಇದನ್ನು ‘ಸಾವಿರಾರು ವರ್ಷಗಳಿಂದ ಬದಲಾಗದ ಪರಂಪರೆ’ ಎಂದು ಕರೆದು ನುಣುಪು ಮಾಡಿದ್ದೀರಿ. ನನಗೆ ಆ ಹೊಲಿಗೆಗಳೇ ಬೇಕು. ಕಿತ್ತುಕೊಂಡದ್ದನ್ನು ಒಂದು ಜನಸಮುದಾಯ ಕೈಗೆ ಸಿಕ್ಕ ನೂಲಿನಿಂದ ಹೊಲಿದುಕೊಂಡಿದೆ. ಅದರಲ್ಲಿ ಮರೆಮಾಚುವಂಥದ್ದು ಏನಿದೆ?

ನೀವು ಕುಣಿದ ಕುಕುವಿನ ಕಥೆಯೂ ಅಂಥದೇ. ಅದು ಗಿನಿಯ ಅರಣ್ಯ ಪ್ರದೇಶದ್ದು, ಮೀನು ಹಿಡಿದು ಮರಳುವ ಹೆಂಗಸರ ಕುಣಿತ ಎಂದು ಅಲ್ಲಿನ ಗುರುಗಳು ಹೇಳುತ್ತಾರೆ. 1958ರಲ್ಲಿ ಫ್ರಾನ್ಸಿನಿಂದ ಬಿಡುಗಡೆ ಪಡೆದ ಗಿನಿ, ಫೊದೆಬಾ ಕೇಟಾ ಕಟ್ಟಿದ್ದ ‘ಲೆ ಬ್ಯಾಲೆ ಆಫ್ರಿಕಾಂ’ ತಂಡವನ್ನು ರಾಷ್ಟ್ರದ ತಂಡವಾಗಿಸಿ ಲೋಕ ಸುತ್ತಿಸಿತು. ಊರಿನ ಅಂಗಳದಲ್ಲಿ ವೃತ್ತವಾಗಿದ್ದದ್ದು ವೇದಿಕೆಯಲ್ಲಿ ಪ್ರೇಕ್ಷಕರಿಗೆ ಎದುರಾದ ಸಾಲಾಯಿತು. ರಾತ್ರಿಯಿಡೀ ನಡೆಯುತ್ತಿದ್ದದ್ದು ಕೆಲವೇ ನಿಮಿಷಗಳಿಗೆ ಇಳಿಯಿತು. ಊರಿನ ಡೊಳ್ಳು ಮೈಸೂರು ದಸರಾ ಮೆರವಣಿಗೆಗೆ ಬಂದಾಗ ಏನಾಗುತ್ತದೆಂದು ಬಲ್ಲ ಕನ್ನಡದ ಓದುಗನಿಗೆ ಇದನ್ನು ವಿವರಿಸಲು ಒಂದು ಪ್ಯಾರಾ ಸಾಕು. ಪ್ರೇಕ್ಷಕರೊಬ್ಬರು ಗುರುಗಳ ಹಣೆಗೆ ಡಾಲರ್ ನೋಟು ಅಂಟಿಸಿದ್ದನ್ನು ‘ವಿಚಿತ್ರ ಪದ್ಧತಿ’ ಎಂದಿದ್ದೀರಲ್ಲ, ನಮ್ಮ ಮದುವೆ ಮೆರವಣಿಗೆಯ ಬ್ಯಾಂಡಿನವರ ಜೇಬು ನೀವು ನೋಡಿಯೇ ಇಲ್ಲವೇ?

ಕೊನೆಯ ಪುಟದಲ್ಲಿ, ಆಫ್ರಿಕಾ ಮೂಲದವರಾದ ನಮ್ಮ ಸಿದ್ದಿಯರನ್ನು ತಂದಿದ್ದೀರಿ. ಕರ್ನಾಟಕದ ನಂಟು ತೋರಿಸಬೇಕೆಂಬ ಆತುರ ಎದ್ದು ಕಾಣುತ್ತದೆ. ‘ಯಲ್ಲಾಪುರದ ಕಾಡಿನಲ್ಲೂ ಇದೇ ನಾದ’ ಎಂದಿದ್ದೀರಿ. ಇದೇ ಅಲ್ಲ. ಪೋರ್ಚುಗೀಸರು ಗೋವೆಗೆ ಗುಲಾಮರನ್ನು ತಂದದ್ದು ಮುಖ್ಯವಾಗಿ ಮೊಜಾಂಬಿಕ್ ಮತ್ತು ಸುತ್ತಲಿನ ಪೂರ್ವ ತೀರದಿಂದ. ಅಲ್ಲಿಂದ ಗಿನಿಗೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಸಿದ್ದಿಯರ ಡಮಾಮಿ ಎರಡು ಮುಖದ ವಾದ್ಯ, ಜೆಂಬೆಗೆ ಒಂದೇ ಮುಖ. ಪುಗಡಿ ಕುಣಿಯುವ ಹೆಂಗಸರು ಕುಕುವಿನ ಹೆಸರನ್ನೇ ಕೇಳಿರಲಾರರು.

ಇಲ್ಲಿ ನಾನೂ ಕೈಕಟ್ಟಿ ನಿಲ್ಲಬೇಕಾದವನೇ. ಸುಮಾರು ಮೂವತ್ತು ವರ್ಷಗಳ ಹಿಂದೆ, ವರದಿಗಾರನಾಗಿದ್ದಾಗ, ಆ ಕಡೆಯ ಉತ್ಸವವೊಂದರಲ್ಲಿ ಡಮಾಮಿ ಕುಣಿತ ನೋಡಿ ‘ರಕ್ತದಲ್ಲಿ ಹರಿವ ಆಫ್ರಿಕಾ’ ಎಂದು ಬರೆದಿದ್ದೆ. ಸಂಘಟಕರು ತಂಡದವರಿಗೆ ಸೊಪ್ಪಿನ ಲಂಗ ಉಡಿಸಿ, ಕೆನ್ನೆಗೆ ಬಿಳಿ ಪಟ್ಟೆ ಬಳಿದಿದ್ದರು. ಅದನ್ನೂ ಮೆಚ್ಚಿ ಬರೆದಿದ್ದೆ. ಮುಂದಿನ ವಾರ ಸಂತೆಯಲ್ಲಿ ಆ ತಂಡದ ಹಿರಿಯರೊಬ್ಬರು ಸಿಕ್ಕರು. ‘ಪೇಪರಿನಲ್ಲಿ ನೋಡಿದೆ ತಮ್ಮಾ. ನಮ್ಮ ಮನೆಯಲ್ಲಿಯೂ ಎಲೆ ಹಾಕುವುದು ಊಟಕ್ಕೇ’ ಎಂದು ಹೇಳಿ, ಮೆಣಸಿನಕಾಯಿ ಆರಿಸಲು ಬಗ್ಗಿದರು. ಆಮೇಲೆ ಚಹಾ ಕುಡಿಯುತ್ತಾ, ತಾವು ಡಮಾಮಿ ಕಲಿತದ್ದು ಸೋದರಮಾವನ ಪಕ್ಕ ಕುಳಿತು, ಪೆಟ್ಟು ತಪ್ಪಿದಾಗಲೆಲ್ಲ ಮಂಡಿಗೆ ಏಟು ತಿಂದು ಎಂದರು. ರಕ್ತದ ಸುದ್ದಿ ಅವರು ಎತ್ತಲಿಲ್ಲ. ನಾನೂ ಆಮೇಲೆ ಎಲ್ಲಿಯೂ ಎತ್ತಿಲ್ಲ.

ಆದ್ದರಿಂದ ಸಿದ್ದಿಯರ ಪ್ಯಾರಾ ತೆಗೆಯಿರಿ. ಅವರ ಬಗ್ಗೆ ಬರೆಯಬೇಕೆನಿಸಿದರೆ ಊರಿಗೆ ಬಂದಾಗ ನಾಲ್ಕು ದಿನ ಅಲ್ಲಿಯೇ ಇದ್ದು ಬೇರೆ ಲೇಖನ ಬರೆಯಿರಿ. ಒಂದು ಬರಹದ ಬಾಲಕ್ಕೆ ಅಂಟಿಸುವ ಜನ ಅವರಲ್ಲ.

ಉಳಿದವು ಸಣ್ಣವು. ಕಾಗುಣಿತ ಚೆನ್ನಾಗಿದೆ, ಆಶ್ಚರ್ಯಸೂಚಕ ಚಿಹ್ನೆಗಳು ಹೆಚ್ಚಾಗಿವೆ. ಗುರುಗಳನ್ನು ‘ಅವನು’ ಎಂದೂ ನಿಮ್ಮ ಹಳೆಯ ಭರತನಾಟ್ಯ ಗುರುಗಳನ್ನು ‘ಅವರು’ ಎಂದೂ ಬರೆದಿದ್ದೀರಿ. ಬೇಕೆಂದೇ ಮಾಡಿದ್ದಲ್ಲ ಎಂದು ನಂಬುತ್ತೇನೆ, ಆದರೆ ಸರಿಪಡಿಸಿ.

ಆರು ಪುಟ ಸಾಕು. ಯುಗಾದಿಯೊಳಗೆ ಕಳುಹಿಸಿದರೆ ಮೇ ಸಂಚಿಕೆಗೆ ನೋಡೋಣ. ಬರೆಯುವ ಮೊದಲು ಆ ಅಜ್ಜಿಯ ಜೊತೆ ಒಂದು ಕಾಫಿ ಕುಡಿಯಿರಿ. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಯಾವ ಸದ್ದಿತ್ತು, ಮೊದಲ ದಿನ ತರಗತಿಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದರು ಎಂದು ಕೇಳಿ. ಅವರು ಒಪ್ಪಿದರೆ ಮಾತ್ರ ಬರೆಯಿರಿ.

ನೀವು ಕಳುಹಿಸಿದ ಒಂಬತ್ತು ಚಿತ್ರಗಳಲ್ಲಿ ನಗುತ್ತಾ ಜೆಂಬೆ ಹಿಡಿದು ನಿಂತವೆಲ್ಲ ಬೇಡ. ನಾಲ್ಕನೆಯದನ್ನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಸಾಲಿನವರೆಲ್ಲರ ಬಲಗಾಲು ಮೇಲಿದೆ, ನಿಮ್ಮೊಬ್ಬರದು ಎಡಗಾಲು.

ವಿಶ್ವಾಸದಿಂದ,
ಸಂಪಾದಕ