ಓದುಗರ ಪ್ರಶ್ನೆ: ಮನೆಯ ಕಂತಿಗೆ ಕಾನೂನಿನ ಬಲವಿದೆಯೇ?

ಪ್ರಶ್ನೆ: ನನ್ನ ಅಣ್ಣನಿಗೆ ಬಸವ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿತ್ತು. ತಳಪಾಯ ಮತ್ತು ಲಿಂಟಲ್ ಹಂತದ ಬಿಲ್ಲು ಬಂದ ಮೇಲೆ ಮುಂದಿನ ಕಂತು ಬಂದಿಲ್ಲ. ವಿಚಾರಿಸಿದರೆ ಅನುದಾನ ಬಿಡುಗಡೆಯಾಗಿಲ್ಲ ಎನ್ನುತ್ತಾರೆ. ಬಡವರ ಮನೆಗೆ ಸರ್ಕಾರ ಹಣ ಕೊಡಲೇಬೇಕೆಂಬ ಕಾನೂನು ರಾಜ್ಯದಲ್ಲಿ ಇದೆಯೇ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಇಂಥವರ ಮನೆಗೆ ಇಷ್ಟು ಹಣ ಕೊಡಲೇಬೇಕೆಂದು ವಿಧಿಸುವ ಅಧಿನಿಯಮ ನಮ್ಮಲ್ಲಿಲ್ಲ. ತಾವು ಹೇಳಿರುವ ಯೋಜನೆ ನಿಂತಿರುವುದು ಸರ್ಕಾರಿ ಆದೇಶದ ಮೇಲೆ. ಅದನ್ನು ನಿರ್ವಹಿಸುವ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವೂ 2000ರಲ್ಲಿ ಕಂಪನಿ ಕಾಯ್ದೆಯಡಿ ಸ್ಥಾಪನೆಯಾದ ಸರ್ಕಾರಿ ಕಂಪನಿಯೇ ಹೊರತು ಶಾಸನದಿಂದ ಹುಟ್ಟಿದ ಮಂಡಳಿಯಲ್ಲ. ಹಣಕ್ಕೆ ಮಂಜೂರಾತಿ ಸಿಗುವುದು ವಿಧಾನಮಂಡಲ ವರ್ಷವರ್ಷವೂ ಅಂಗೀಕರಿಸುವ ಧನವಿನಿಯೋಗ ಅಧಿನಿಯಮದಿಂದ. ಆದರೆ ಅದು ಖರ್ಚು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆಯೇ ವಿನಾ ಖರ್ಚು ಮಾಡಲೇಬೇಕೆಂಬ ಕಟ್ಟುಪಾಡನ್ನು ಹಾಕುವುದಿಲ್ಲ. ಹಿಂದಿನ ವರ್ಷಗಳಲ್ಲಿ ಅರ್ಧಕ್ಕೆ ನಿಂತ ಮನೆಗಳ ಬಾಕಿಯನ್ನೂ ಹೊಸ ವರ್ಷದ ಹಣದಿಂದಲೇ ತೀರಿಸಬೇಕಾಗುವುದರಿಂದ, ಬಜೆಟ್‌ನಲ್ಲಿ ಹೊಸ ಮನೆಗಳ ಸಂಖ್ಯೆ ಕೇಳಿ ಹಿಗ್ಗುವವರು ಹಳೆಯ ಬಾಕಿ ಎಷ್ಟೆಂಬುದನ್ನೂ ಕೇಳುವುದು ಒಳ್ಳೆಯದು.

ನೆಲದ ವಿಷಯ ಹೀಗಲ್ಲ. ನಿವೇಶನರಹಿತರಿಗಾಗಿ ಜಮೀನು ಸ್ವಾಧೀನಪಡಿಸಿಕೊಳ್ಳಲು 1972ರ ಅಧಿನಿಯಮವಿದೆ. ಅದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದ್ದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ ಸಕ್ರಮಕ್ಕೆ ಭೂಕಂದಾಯ ಅಧಿನಿಯಮದ 94ಸಿ ಕಲಮಿದೆ. ಫಲಾನುಭವಿಗಳ ಆಯ್ಕೆಗೆ 1993ರ ಪಂಚಾಯತ್ ರಾಜ್ ಅಧಿನಿಯಮದ ಗ್ರಾಮಸಭೆ ಇದೆ. ಹಕ್ಕುಪತ್ರದವರೆಗೆ ಜೊತೆಗೆ ಬರುವ ಶಾಸನ ಗೋಡೆ ಏಳುವ ಹೊತ್ತಿಗೆ ಹಿಂದುಳಿಯುತ್ತದೆ ಎಂಬುದೇ ನನ್ನ ಆಕ್ಷೇಪ.

ಹಣವನ್ನೇ ಕಟ್ಟಿಹಾಕುವ ಕಾನೂನೆಂದರೆ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ 2013ರ ಅಧಿನಿಯಮ. ಈ ಸಮುದಾಯಗಳ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಹಣ ಮೀಸಲಿಡಬೇಕೆಂದು ಅದು ಹೇಳುತ್ತದೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಯ ಮನೆಗಳಿಗೆ ಇದರ ಆಸರೆಯಿದೆ. ಅಲ್ಲಿಯೂ ಬದ್ಧತೆ ಇರುವುದು ಒಟ್ಟು ಹಂಚಿಕೆಗೆ, ಒಂದೊಂದು ಮನೆಯ ಕಂತಿಗಲ್ಲ.

ತಮ್ಮ ಅಣ್ಣನವರು ಮೊದಲು ನೋಡಬೇಕಾದದ್ದು ಮುಗಿದಿರುವ ಹಂತದ ಜಿಪಿಎಸ್ ಫೋಟೊ ನಿಗಮದ ತಂತ್ರಾಂಶಕ್ಕೆ ಏರಿದೆಯೇ, ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಇದೆಯೇ ಎಂಬುದನ್ನು. ಎಷ್ಟೋ ಕಂತುಗಳು ಕಾನೂನಿಗಿಂತ ಮೊದಲು ಇಲ್ಲಿಯೇ ಸಿಕ್ಕಿಬೀಳುತ್ತವೆ. ಅದು ಸರಿಯಿದ್ದರೆ ಕಾರ್ಯಾದೇಶದ ಪ್ರತಿಯನ್ನು ಲಗತ್ತಿಸಿ, ಬಿಲ್ಲು ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಲಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಕಾರ್ಯಾದೇಶ ನಂಬಿ ಕೆಲಸ ಮುಗಿಸಿದವರಿಗೆ ಕಾರಣವಿಲ್ಲದೆ ಹಣ ತಡೆದು, ಅದೇ ಸ್ಥಿತಿಯಲ್ಲಿರುವ ಬೇರೆಯವರಿಗೆ ಕೊಟ್ಟಿದ್ದರೆ, ಸಂವಿಧಾನದ 14ನೇ ವಿಧಿಯ ಆಧಾರದಲ್ಲಿ ಹೈಕೋರ್ಟಿನ ಮೊರೆ ಹೋಗಲು ಅವಕಾಶವಿದೆ. ಆ ಖರ್ಚಿನ ಹಾದಿಯನ್ನು ಮೊದಲೇ ಹಿಡಿಯುವುದು ಬೇಡ.

ಪ್ರಶ್ನೆ: ಗೃಹ ಮಂಡಳಿಯೂ ಸರ್ಕಾರದ್ದೇ ಅಲ್ಲವೇ? ಅಲ್ಲಿಯ ಮನೆಗೆ ಸಹಾಯಧನ ಏಕಿಲ್ಲ?
— ಓದುಗರೊಬ್ಬರು, ಮೈಸೂರು

ಉತ್ತರ: ಗೃಹ ಮಂಡಳಿ 1962ರ ಅಧಿನಿಯಮದಡಿಯ ಸ್ವತಂತ್ರ ಸಂಸ್ಥೆ. ಅದಕ್ಕೆ ತನ್ನದೇ ನಿಧಿಯಿದೆ. ಸರ್ಕಾರದ ಒಪ್ಪಿಗೆ ಪಡೆದು ಸಾಲ ಎತ್ತಬಹುದು. ಎತ್ತಿದ ಸಾಲ ತೀರಬೇಕಾದರೆ ಕಟ್ಟಿದ ಖರ್ಚು ಕೊಳ್ಳುವವರಿಂದಲೇ ಹುಟ್ಟಬೇಕು. ತಮ್ಮ ಊರಿನ ನಗರ ಸುಧಾರಣಾ ಮಂಡಳಿ 1903ರಷ್ಟು ಹಿಂದೆಯೇ ಹುಟ್ಟಿದ್ದರೂ, ಅದರ ಮುಖ್ಯ ಕೆಲಸವೂ ಬಡಾವಣೆ ಮಾಡಿ ನಿವೇಶನ ಹಂಚುವುದಾಗಿತ್ತು. ಸಹಾಯಧನ ಬೇಕಾದವರು ನಗರ ಸ್ಥಳೀಯ ಸಂಸ್ಥೆಯ ಮೂಲಕ ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಅರ್ಜಿ ಹಾಕಬೇಕು. ಘೋಷಿತ ಕೊಳೆಗೇರಿಯವರಾದರೆ 1973ರ ಅಧಿನಿಯಮದಡಿಯ ಕೊಳೆಗೇರಿ ಅಭಿವೃದ್ಧಿ ಮಂಡಳಿಯಲ್ಲಿ ವಿಚಾರಿಸಬೇಕು.